ಪಾತ್ರೆಗಿರುವ ರಕ್ಷಣೆ ಪಾಸ್‌ಬುಕ್ಕಿಗೆ ಯಾಕಿಲ್ಲ?

2025ರ ಜುಲೈನಲ್ಲಿ ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟಿಸ್ ಬಂದದ್ದು ಓದುಗರಿಗೆ ನೆನಪಿರಬಹುದು. ನಾಲ್ಕು ವರ್ಷಗಳಲ್ಲಿ ಡಿಜಿಟಲ್ ಪಾವತಿಯ ಮೂಲಕ ಅವರ ಖಾತೆಗೆ ₹1.63 ಕೋಟಿ ಬಂದಿದೆ, ಅದಕ್ಕೆ ₹29 ಲಕ್ಷ ಜಿಎಸ್‌ಟಿ ಕಟ್ಟಬೇಕು ಎಂಬುದು ಅದರ ಸಾರ. ಕೋಟಿಯ ಮಾತು ಕೇಳಿ ಹಲವರು ಹೌಹಾರಿದರು. ದಿನಕ್ಕೆ ಹಂಚಿ ನೋಡಿದರೆ ಅದು ಸುಮಾರು ₹11,000 ವಹಿವಾಟು. ರೈತರಿಂದ ಮಾಲು ಕೊಂಡ ಖರ್ಚು, ಸಾಗಣೆ, ಕೊಳೆತು ಚೆಲ್ಲಿದ್ದು ಎಲ್ಲ ಅದರೊಳಗೇ ಬರಬೇಕು. ಅದಕ್ಕಿಂತ ಮುಖ್ಯವಾಗಿ, ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ತೆರಿಗೆಯಿಲ್ಲದ ಸರಕನ್ನಷ್ಟೇ ಮಾರುವವರು ನೋಂದಣಿಯನ್ನೂ ಮಾಡಿಸಬೇಕಿಲ್ಲ.

ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಆಗ ಅಂಥದೇ ನೋಟಿಸುಗಳು ಹೋಗಿದ್ದವು. ಅಂಗಡಿ ಮುಂದಿನ ಕ್ಯೂಆರ್ ಕೋಡ್ ಹಾಳೆಗಳು ಮಾಯವಾಗಿ ‘ನಗದು ಮಾತ್ರ’ ಎಂಬ ಬರಹ ಬಂತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು, ತರಕಾರಿ, ಹಾಲು, ಹಣ್ಣಿನಂಥ ವಿನಾಯಿತಿ ಸರಕು ಮಾರುವವರಿಂದ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಭರವಸೆ ಕೊಟ್ಟ ಮೇಲೆ ಬಿಸಿ ತಣಿಯಿತು. ಆದರೆ ಆ ದಿನಗಳಲ್ಲಿ ಜನರ ನಿದ್ದೆ ಕೆಡಿಸಿದ್ದು ಇನ್ನೊಂದು ಭಯ: ನಾಳೆ ಬೆಳಗಾಗುವುದರೊಳಗೆ ಬ್ಯಾಂಕಿನ ಖಾತೆಯನ್ನೇ ಹಿಡಿದುಬಿಟ್ಟರೆ ಮಾಲು ತರುವುದು ಯಾವ ರೊಕ್ಕದಲ್ಲಿ? ಆ ಭಯ ಹಾಗೇ ಉಳಿದಿದೆ. ಅದಕ್ಕೆ ಆಧಾರವೂ ಇದೆ.

ತೆರಿಗೆ ಬಾಕಿಗಾಗಿ ಖಾತೆ ಹಿಡಿಯಲು ಇಲಾಖೆ ಕೋರ್ಟಿನ ಮೆಟ್ಟಿಲು ಹತ್ತಬೇಕಿಲ್ಲ. ಜಿಎಸ್‌ಟಿ ಕಾಯ್ದೆಯ 79ನೇ ಸೆಕ್ಷನ್ ಪ್ರಕಾರ ಅಧಿಕಾರಿ ಡಿಆರ್‌ಸಿ-13 ಎಂಬ ನಮೂನೆಯಲ್ಲಿ ನೇರವಾಗಿ ಬ್ಯಾಂಕಿಗೆ ಬರೆಯುತ್ತಾರೆ. ಬಾಕಿದಾರನಿಗೆ ಹಣ ಕೊಡಬೇಕಾದ ಯಾರಿಗೆ ಬೇಕಾದರೂ ಹೀಗೆ ಬರೆಯಬಹುದು. ನೋಟಿಸ್ ಮುಟ್ಟಿಯೂ ಹಣ ಕಟ್ಟದಿದ್ದರೆ ಬ್ಯಾಂಕೇ ಬಾಕಿದಾರ ಎಂದು ಕಾನೂನು ಭಾವಿಸುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯ 226ನೇ ಸೆಕ್ಷನ್ನಿನಲ್ಲೂ ಇದೇ ಅಧಿಕಾರವಿತ್ತು, 2025ರ ಹೊಸ ಕಾಯ್ದೆಯಲ್ಲೂ ಅದು ಉಳಿದುಕೊಂಡಿದೆ. ಹೀಗಿರುವಾಗ ಯಾವ ಮ್ಯಾನೇಜರ್ ತಾನೇ ತಡಮಾಡುತ್ತಾನೆ? ಮೊದಲು ಹಣಕ್ಕೆ ತಡೆ ಬೀಳುತ್ತದೆ, ಗ್ರಾಹಕನಿಗೆ ಗೊತ್ತಾಗುವುದು ಆಮೇಲೆ.

ಹಾಗಂತ ಮೊದಲ ನೋಟಿಸ್ ಬಂದ ದಿನವೇ ಖಾತೆ ಹೋಯಿತೆಂದಲ್ಲ. ನೋಟಿಸಿಗೆ ಉತ್ತರ ಕೊಡಲು ಅವಕಾಶವಿದೆ. ಉತ್ತರ ನೋಡಿದ ಮೇಲೆ ಆದೇಶ. ಆದೇಶ ಕೈಸೇರಿದ ಮೇಲೂ ಸಾಮಾನ್ಯವಾಗಿ ಮೂರು ತಿಂಗಳು ವಸೂಲಿ ಇಲ್ಲ. ಆ ಅವಧಿಯಲ್ಲಿ ವಿವಾದಿತ ತೆರಿಗೆಯ ಶೇ 10ರಷ್ಟು ಕಟ್ಟಿ ಮೇಲ್ಮನವಿ ಹಾಕಿದರೆ ಉಳಿದ ಮೊತ್ತದ ವಸೂಲಿ ನಿಲ್ಲುತ್ತದೆ. ಇದಕ್ಕೊಂದು ಅಪವಾದವಿದೆ. 83ನೇ ಸೆಕ್ಷನ್ನಿನಡಿ ತೆರಿಗೆ ಎಷ್ಟೆಂದು ತೀರ್ಮಾನವಾಗುವ ಮೊದಲೇ ಒಂದು ವರ್ಷದವರೆಗೆ ಖಾತೆಯನ್ನು ತಾತ್ಕಾಲಿಕವಾಗಿ ಹಿಡಿದಿಡಬಹುದು. ಇದು ಕಠೋರವಾದ ಅಧಿಕಾರ, ಬೇಕಾಬಿಟ್ಟಿ ಬಳಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ಹಿಮಾಚಲ ಪ್ರದೇಶದ ರಾಧಾಕೃಷ್ಣ ಇಂಡಸ್ಟ್ರೀಸ್ ಪ್ರಕರಣದಲ್ಲಿ ಹೇಳಿತು. ಸಣ್ಣ ವ್ಯಾಪಾರಿ ಸೋಲುವುದು ಹೆಚ್ಚಾಗಿ ಇಂಥ ಅಪವಾದಗಳಲ್ಲಲ್ಲ. ಮೊದಲ ಕಾಗದವನ್ನು ಓದಿಸಿಕೊಳ್ಳದೆ ಗಲ್ಲಾಪೆಟ್ಟಿಗೆಯೊಳಗೆ ಮಡಚಿಟ್ಟ ಕಡೆಯೇ ಅವನು ಸೋಲುತ್ತಾನೆ.

ಪಗಾರ ಜಪ್ತಿಯ ದಾರಿ ಬೇರೆ. ಅಲ್ಲಿ ಕೋರ್ಟಿನ ಡಿಕ್ರಿ ಬೇಕು, ಅಥವಾ ಸಹಕಾರಿ ಇಲಾಖೆಯ ಐತೀರ್ಪು. ನಮ್ಮ ಕಡೆ ಈ ಕಥೆಗಳು ಎಷ್ಟೋ ಸಲ ಶುರುವಾಗುವುದು ಸ್ವಂತ ಸಾಲದಿಂದಲ್ಲ, ಜಾಮೀನು ಸಹಿಯಿಂದ. ರಾಣೆಬೆನ್ನೂರಿನ ಒಬ್ಬ ಮಾಸ್ತರರನ್ನೇ ಊಹಿಸಿಕೊಳ್ಳಿ. ಪರಿಚಯದವರು ಪತ್ತಿನ ಸಹಕಾರಿ ಸಂಘದಲ್ಲಿ ಸಾಲ ತೆಗೆಯುತ್ತಾರೆ. ಸರ್ಕಾರಿ ನೌಕರನ ಜಾಮೀನು ಬೇಕು ಎಂದು ಸಂಘ ಹೇಳುತ್ತದೆ. ‘ಬರೇ ಒಂದು ಸಹಿ ರೀ ಸರ, ನಿಮಗೇನೂ ತ್ರಾಸ ಆಗೂದಿಲ್ಲ’ ಎಂದಾಗ ಇಲ್ಲವೆನ್ನಲು ಮನಸ್ಸು ಬರುವುದಿಲ್ಲ. ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು. ಸಾಲಗಾರನನ್ನು ಮೊದಲು ಹಿಡಿಯಿರಿ, ಆಮೇಲೆ ನನ್ನ ಹತ್ತಿರ ಬನ್ನಿ ಎಂದು ಹೇಳಲು ಬರುವುದಿಲ್ಲ. ಸಾಲ ತೆಗೆದವನ ಬೆಳೆ ಹೋಗಿರುತ್ತದೆ, ಅಂಗಡಿ ಮುಚ್ಚಿರುತ್ತದೆ, ಅಥವಾ ಅವನೇ ಊರು ಬಿಟ್ಟಿರುತ್ತಾನೆ. ಮಾಸ್ತರರ ಪಗಾರ ಮಾತ್ರ ತಿಂಗಳಿಗೊಮ್ಮೆ ತಪ್ಪದೆ ಬರುತ್ತದೆ. ಸಂಘ ಅತ್ತ ನೋಡುವುದು ಸಹಜ.

ಡಿಕ್ರಿಯ ಜಾರಿಗಾಗಿ ಹಾಕುವ ಅಮಲ್ಜಾರಿ ಅರ್ಜಿಯ ಮೇಲೆ ಆದೇಶವಾದರೆ ಅದು ಪಗಾರ ಬಟವಾಡೆ ಮಾಡುವ ಅಧಿಕಾರಿಗೆ ಹೋಗುತ್ತದೆ. ಅವರು ಮುರಿದುಕೊಂಡು ಕಳಿಸದಿದ್ದರೆ ಆ ಮೊತ್ತಕ್ಕೆ ಹೊಣೆ ಅವರ ಕಡೆಗೇ ತಿರುಗುತ್ತದೆ. ಎಷ್ಟು ಮುರಿಯಬಹುದು ಎಂಬುದನ್ನು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ ಗೊತ್ತುಮಾಡಿದೆ: ಮೊದಲ ₹1,000 ಮುಟ್ಟುವಂತಿಲ್ಲ, ಉಳಿದದ್ದರಲ್ಲಿ ಮೂರನೇ ಎರಡು ಭಾಗ ಮುಟ್ಟುವಂತಿಲ್ಲ. ವಿನಾಯಿತಿ ಘೋಷಿಸಿದ ಭತ್ಯೆಗಳನ್ನು ಬಿಟ್ಟು ಮಾಸ್ತರರ ಪಗಾರ ₹31,000 ಎಂದಿಟ್ಟುಕೊಂಡರೆ ಸಾವಿರ ಕಳೆದು ₹30,000. ಅದರಲ್ಲಿ ₹20,000 ಅವರದೇ, ₹10,000 ಜಪ್ತಿಗೆ. ಹೆಂಡತಿ ಮಕ್ಕಳ ಜೀವನಾಂಶದ ಡಿಕ್ರಿಯಾದರೆ ಲೆಕ್ಕ ತಿರುಗುತ್ತದೆ: ಮೂರನೇ ಒಂದು ಭಾಗ ಮಾತ್ರ ನೌಕರನಿಗೆ ಉಳಿಯುತ್ತದೆ. ಅದು ಸರಿಯೂ ಹೌದು. ಮಗುವಿನ ಅನ್ನ ಸಂಘದ ಬಡ್ಡಿಗಿಂತ ದೊಡ್ಡದು.

ಬಹಳ ಜನಕ್ಕೆ ತಿಳಿಯದ ಇನ್ನೊಂದು ಕಟ್ಟು ಇದೇ ಸೆಕ್ಷನ್ನಿನಲ್ಲಿದೆ. ಪಗಾರದ ಜಪ್ತಿಯ ಪಾಲು ಬಿಟ್ಟು ಬಿಟ್ಟಾದರೂ ಸರಿ, ಒಟ್ಟು 24 ತಿಂಗಳು ಕಡಿತವಾಗಿದ್ದರೆ ಮುಂದಿನ 12 ತಿಂಗಳು ಅದನ್ನು ಮತ್ತೆ ಹಿಡಿಯುವಂತಿಲ್ಲ. ಆ 24 ತಿಂಗಳೂ ಒಂದೇ ಡಿಕ್ರಿಗಾಗಿ ಆಗಿದ್ದರೆ, ಆ ಡಿಕ್ರಿಗೆ ಪಗಾರ ಶಾಶ್ವತವಾಗಿ ಬಿಡುಗಡೆ. ಕಡಿತ ಎರಡು ವರ್ಷ ದಾಟಿಯೂ ನಡೆಯುತ್ತಿದ್ದರೆ ಪಗಾರದ ಚೀಟಿಗಳನ್ನು ಜೋಡಿಸಿಕೊಂಡು ವಕೀಲರ ಬಳಿ ಹೋಗಲೇಬೇಕು. ಇನ್ನು ಆ ₹1,000ದ ಮಿತಿ ಜಾರಿಗೆ ಬಂದದ್ದು 2002ರಲ್ಲಿ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ ₹370 ಇತ್ತು. ಒಂದು ಸಂಸಾರದ ತಿಂಗಳಿಗೆಂದು ಕಾನೂನು ಮೀಸಲಿಟ್ಟ ಮೊತ್ತ ಮೂರು ದಿನದ ಕೂಲಿಗೂ ಸಮನಲ್ಲ. ಈ ಅಂಕಿಯನ್ನು ಸಂಸತ್ತು ಇಷ್ಟು ಕಾಲ ಹಾಗೇ ಬಿಟ್ಟಿರುವುದು ನನಗೆ ನೋವಿನ ಸಂಗತಿ.

ಉಳಿದಂತೆ ಆ 60ನೇ ಸೆಕ್ಷನ್ ಓದುವಾಗ ಬರೆದವರ ಬಗ್ಗೆ ಗೌರವ ಹುಟ್ಟುತ್ತದೆ. ಸಾಲಗಾರನ ಮನೆಯಿಂದ ಏನೇನು ಎತ್ತಬಾರದು ಎಂಬ ಪಟ್ಟಿ ಅದು. ಉಡುವ ಬಟ್ಟೆ, ಅಡುಗೆ ಪಾತ್ರೆ, ಮಂಚ, ಹಾಸಿಗೆ. ಬಡಗಿ, ಕಮ್ಮಾರರ ಹತ್ಯಾರ. ರೈತನಾದರೆ ನೇಗಿಲು ಕುಂಟಿ, ಬದುಕಿಗೆ ಬೇಕಾದ ಎತ್ತು, ಬಿತ್ತನೆ ಬೀಜ, ಅವನು ವಾಸವಿರುವ ಮನೆ. ಕೂಲಿಕಾರರ ಮತ್ತು ಮನೆಗೆಲಸದವರ ಕೂಲಿಯಂತೂ ಪೂರ್ತಿ ವಿನಾಯಿತಿ, ಮೂರನೇ ಒಂದರ ಲೆಕ್ಕವೂ ಅದಕ್ಕಿಲ್ಲ. ಧರ್ಮದ ಆಚಾರದಂತೆ ಹೆಂಗಸು ಮೈಮೇಲಿಂದ ತೆಗೆಯಬಾರದ ಆಭರಣವನ್ನೂ ಮುಟ್ಟುವಂತಿಲ್ಲ. ಅಂದರೆ ತಾಳಿ.

ಈ ಕೊನೆಯ ಮಾತನ್ನು ರಾಣೆಬೆನ್ನೂರಿನ ಜೊತೆಗಿಟ್ಟು ಓದಬೇಕು. 2025ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ರಾಣೆಬೆನ್ನೂರಿನಿಂದ ಮುಖ್ಯಮಂತ್ರಿಗೆ ಅಂಚೆಯಲ್ಲಿ ಮಾಂಗಲ್ಯ ಕಳಿಸಿದರು. ಮೈಕ್ರೊಫೈನಾನ್ಸ್ ವಸೂಲಿಗಾರರ ಕಾಟಕ್ಕೆ ಮನೆ ಬಿಟ್ಟು ಹೋದ ಗಂಡಂದಿರು, ಬಾಗಿಲಲ್ಲಿ ನಿಂತು ಬೈಯುವವರು, ಒಬ್ಬರು ಕಟ್ಟದಿದ್ದರೆ ಇಡೀ ಗುಂಪನ್ನು ಕೂರಿಸಿಕೊಳ್ಳುವ ಪದ್ಧತಿ, ಇದೆಲ್ಲಕ್ಕೆ ಅವರು ಕಂಡುಕೊಂಡ ಭಾಷೆ ಅದು. ಡಿಕ್ರಿ ಹಿಡಿದು ಬಂದ ಕೋರ್ಟಿನ ಅಮೀನನೂ ಮುಟ್ಟಬಾರದೆಂದು ನೂರು ವರ್ಷಕ್ಕೂ ಹಿಂದೆ ಕಾನೂನು ಬರೆದಿಟ್ಟ ಒಂದು ವಸ್ತುವನ್ನು ಅವರೇ ಲಕೋಟೆಗೆ ಹಾಕಿ ಕಳಿಸುವಂತಾಯಿತು. ಯಾವ ಡಿಕ್ರಿಯೂ ಇಲ್ಲದ ಸಾಲಕ್ಕಾಗಿ.

ಆ ಸಾಲಕ್ಕೂ ನಿಯಮಗಳಿದ್ದವು. ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನದ ಪ್ರಕಾರ ವರ್ಷಕ್ಕೆ ₹3 ಲಕ್ಷದೊಳಗೆ ಆದಾಯವಿರುವ ಕುಟುಂಬಕ್ಕೆ ಕೊಡುವ ಈ ಸಾಲಕ್ಕೆ ಅಡಮಾನ ಕೇಳುವಂತಿಲ್ಲ, ಸಾಲಗಾರರ ಠೇವಣಿ ಖಾತೆಯ ಮೇಲೆ ಹಕ್ಕು ಸ್ಥಾಪಿಸುವಂತಿಲ್ಲ, ಎಲ್ಲ ಸಾಲಗಳ ಕಂತು ಸೇರಿ ಕುಟುಂಬದ ತಿಂಗಳ ಆದಾಯದ ಅರ್ಧ ಮೀರುವಂತಿಲ್ಲ, ಬೆಳಿಗ್ಗೆ 9ಕ್ಕೆ ಮೊದಲು ಸಂಜೆ 6ರ ನಂತರ ವಸೂಲಿಗೆ ಬರುವಂತಿಲ್ಲ. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಮೊದಲ ಸಲ ಅದನ್ನು ಹಿಂದಿರುಗಿಸಿದ ರಾಜ್ಯಪಾಲರು ಫೆಬ್ರುವರಿ 12ರಂದು ಅಂಕಿತ ಹಾಕಿದರು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, ₹5 ಲಕ್ಷದವರೆಗೆ ದಂಡ. ಮಾರ್ಚ್‌ನಲ್ಲಿ ವಿಧಾನಮಂಡಲ ಅದನ್ನು ಕಾಯ್ದೆ ಮಾಡಿತು. ಇದು ಬಾಗಿಲಿಗೆ ಬಂದು ಕೂಗಾಡುವವರಿಗೆ ಹಾಕಿದ ಕಡಿವಾಣ. ಬಾಗಿಲಿಗೆ ಬಾರದೆ, ಕೂಗಾಡದೆ ಹಣ ಹೋಗುವ ದಾರಿಯೊಂದಿದೆ. ಈ ಲೇಖನದ ಚಿಂತೆ ಇರುವುದು ಅದರ ಬಗ್ಗೆ.

ನಮ್ಮ ಸೀಮೆಗೆ ಜಪ್ತಿ ಹೊಸದಲ್ಲ. 1932ರಲ್ಲಿ ಅಂಕೋಲಾ, ಸಿದ್ದಾಪುರಗಳ ಜೊತೆ ಹಿರೇಕೆರೂರು ತಾಲ್ಲೂಕಿನ ರೈತರೂ ಕರನಿರಾಕರಣೆಗೆ ಇಳಿದು ಹೊಲ ಮನೆ ಕಳೆದುಕೊಂಡರು. ಬ್ಯಾಡಗಿ ತಾಲ್ಲೂಕು ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡೇಟಿಗೆ ಬಲಿಯಾದದ್ದು, ರೈತರಿಂದ ವಸೂಲಿ ಮಾಡಿ ವೀರಭದ್ರ ದೇವಸ್ಥಾನದಲ್ಲಿ ಇರಿಸಿದ್ದ ಕಂದಾಯದ ಹಣಕ್ಕೆ ಕೈಹಾಕಿದಾಗ. ಅವರೊಡನೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇಬ್ಬರೂ ಜೀವ ಕೊಟ್ಟರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಸಿಡಿದೆದ್ದದ್ದೂ ಮಲಪ್ರಭಾ ಅಚ್ಚುಕಟ್ಟಿನ ಬೆಟರ್‌ಮೆಂಟ್ ಲೆವಿ, ನೀರಿನ ಕರಗಳ ವಸೂಲಿಯ ವಿರುದ್ಧ. ಹಾವೇರಿಯೂ ಆಗ ಅದೇ ಧಾರವಾಡ ಜಿಲ್ಲೆಯ ಭಾಗ. ಆಮೇಲೆ ರೈತ ಸಂಘ ಅಧಿಕಾರಿಗಳು ಎತ್ತಿಕೊಂಡು ಹೋದ ಸಾಮಾನನ್ನು ಗುಂಪಾಗಿ ಹೋಗಿ ಮರಳಿ ತರುವ ಮರುಜಪ್ತಿ ನಡೆಸಿತು. ಇವೆಲ್ಲ ಸಾಧ್ಯವಾದದ್ದು ಜಪ್ತಿ ಕಣ್ಣಿಗೆ ಕಾಣುತ್ತಿದ್ದುದರಿಂದ. ಜೀಪು ಬರುತ್ತಿತ್ತು, ಪಂಚನಾಮೆ ಆಗುತ್ತಿತ್ತು, ಓಣಿಯ ಜನ ಸೇರುತ್ತಿದ್ದರು. ಒಂದು ಮಾತು ಕೇಳಲು, ನಾಲ್ಕು ದಿನ ತಡೆಯಿರಿ ಎನ್ನಲು ಎದುರಿಗೆ ಒಬ್ಬ ಮನುಷ್ಯ ಇರುತ್ತಿದ್ದ.

ಈಗ ಬರುವುದು ಮೊಬೈಲಿಗೆ ಒಂದು ಸಂದೇಶ. ಪಾಸ್‌ಬುಕ್ ಎಂಟ್ರಿ ಮಾಡಿಸಿದರೆ ಒಂದು ಸಾಲು: ಬಂದದ್ದು ಇಷ್ಟು, ಹೋದದ್ದು ಅಷ್ಟೇ, ಉಳಿದದ್ದು ಸೊನ್ನೆ. ಕೌಂಟರಿನ ಮುಂದೆ ನಿಂತ ಹೆಣ್ಣುಮಗಳು ‘ಸಾಹೇಬ್ರ, ನನ್ನ ರೊಕ್ಕ ಎಲ್ಲಿ ಹೋತ್ರಿ?’ ಎಂದರೆ ಒಳಗಿನ ಉತ್ತರ, ‘ಲೋನಿಗೆ ಜಮಾ ಆಗೇತ್ರಿ.’ ಇದಕ್ಕೆ ಕೋರ್ಟೂ ಬೇಡ, ಅಧಿಕಾರಿಯ ಆದೇಶವೂ ಬೇಡ. ಗ್ರಾಹಕನ ಹಣ ತನ್ನ ಕೈಯಲ್ಲಿದ್ದಾಗ ಅದನ್ನು ತನಗೆ ಬರಬೇಕಾದ ಬಾಕಿಗೆ ಹೊಂದಿಸಿಕೊಳ್ಳುವ ಹಕ್ಕು ಬ್ಯಾಂಕಿಗಿದೆ. ಕರಾರು ಕಾಯ್ದೆಯ 171ನೇ ಸೆಕ್ಷನ್ ಅದರ ಬೇರು. ಮೇಲಾಗಿ ಸಾಲದ ಕಾಗದದಲ್ಲಿ ಅದಕ್ಕೆ ಒಪ್ಪಿಗೆಯೂ ಸೇರಿರುತ್ತದೆ. ಕಂತು ತಾನಾಗಿ ಮುರಿಯುವ ಆಟೊ ಡೆಬಿಟ್ ಇನ್ನೊಂದು ದಾರಿ. ಖಾತೆಯಲ್ಲಿ ಹಣವಿಲ್ಲದೆ ಅದು ವಾಪಸಾದರೆ ದಂಡ ಬೇರೆ, ಚೆಕ್ ಬೌನ್ಸಿನಂತೆ ಕ್ರಿಮಿನಲ್ ಕೇಸಿಗೂ ದಾರಿಯಿದೆ.

2024ರಲ್ಲಿ ಇದು ರಾಜ್ಯದ ತುಂಬ ಮಾತಾಯಿತು. ಬರ ಪರಿಹಾರಕ್ಕೆಂದು ಕೇಂದ್ರದಿಂದ ₹3,454 ಕೋಟಿ ಬಂತು, ರೈತರ ಖಾತೆಗೆ ಹಂಚಿಕೆಯಾಯಿತು. ಅದನ್ನು ಕೆಲವು ಬ್ಯಾಂಕುಗಳು ಹಳೆಯ ಸಾಲಕ್ಕೆ ಹಿಡಿದುಕೊಂಡವು. ಪರಿಹಾರ, ಪಿಂಚಣಿ, ಉದ್ಯೋಗ ಖಾತ್ರಿ ಕೂಲಿ, ಗೃಹಲಕ್ಷ್ಮಿಯ ₹2,000 ಯಾವುದನ್ನೂ ಸಾಲಕ್ಕೆ ಹೊಂದಿಸಬಾರದು ಎಂದು ಸರ್ಕಾರ, ಜಿಲ್ಲಾಧಿಕಾರಿಗಳು ಸೂಚನೆ ಕೊಡಬೇಕಾಯಿತು. ಸೂಚನೆಯಿಂದ ಕೆಲವರಿಗೆ ಹಣ ಮರಳಿ ಸಿಗಬಹುದು. ಆದರೆ ಸೂಚನೆಗೆ ಕಾಯ್ದೆಯ ಬಲವಿಲ್ಲ.

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಇದರ ಹಳೆಯ ರೂಪವೊಂದನ್ನು ಕಾಣಬಹುದು. ಸೋಮವಾರ, ಗುರುವಾರ ಚೀಲಗಳು ಬೀಳುತ್ತವೆ, ಟೆಂಡರ್ ಆಗುತ್ತದೆ, ತೂಕವಾಗುತ್ತದೆ, ದಲಾಲಿ ಅಂಗಡಿಯಲ್ಲಿ ಪಟ್ಟಿ ಬರೆಯುತ್ತಾರೆ. ತೂಕ, ದರ, ಹಮಾಲಿ, ಅದರ ಕೆಳಗೆ ಬಿತ್ತನೆ ಕಾಲದಲ್ಲಿ ರೈತ ತೆಗೆದುಕೊಂಡಿದ್ದ ಮುಂಗಡದ ಕಡಿತ. ಕೈಗೆ ಬರುವ ಮೊದಲೇ ಸಾಲ ಮುರಿಯುವುದು ಇಲ್ಲಿ ತಲೆಮಾರುಗಳಿಂದ ನಡೆದುಬಂದ ರೂಢಿ. ಅದರಲ್ಲಿ ಅನ್ಯಾಯವಿರಲಿಲ್ಲವೆಂದು ನಾನು ಹೇಳಲಾರೆ. ಆದರೆ ‘ಈ ಸಲ ಅರ್ಧ ಹಿಡೀರಿ ಸಾವಕಾರ್ರ, ಮಗಳ ಲಗ್ನ ಐತಿ’ ಎನ್ನಲು ಅಲ್ಲಿ ಆಸ್ಪದವಿತ್ತು. ಮುಂದಿನ ವರ್ಷವೂ ಅದೇ ರೈತ ಬೇಕಾದ್ದರಿಂದ ದಲಾಲರು ಕೇಳಿಸಿಕೊಳ್ಳುತ್ತಿದ್ದರು. 2024ರ ಮಾರ್ಚ್ 11ರಂದು ದರ ಕುಸಿದು ರೊಚ್ಚಿಗೆದ್ದ ರೈತರು ಇದೇ ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಅಂಥ ವರ್ಷದಲ್ಲಿ ಬಂದ ನಾಲ್ಕು ಕಾಸು ಖಾತೆಗೆ ಬಿದ್ದ ಗಳಿಗೆಯಲ್ಲೇ ಸಾಲಕ್ಕೆ ಹೋದರೆ, ಮುಂದಿನ ಹಂಗಾಮಿನ ಬೀಜಕ್ಕೆ ರೈತ ಮತ್ತೆ ಬಡ್ಡಿಯವರ ಮನೆಗೇ ಹೋಗುತ್ತಾನೆ. ಚೀಲದಲ್ಲಿರುವ ಬಿತ್ತನೆ ಬೀಜವನ್ನು ಜಪ್ತಿ ಮಾಡುವಂತಿಲ್ಲ. ಬಿತ್ತನೆ ಬೀಜ ಕೊಳ್ಳಲು ಖಾತೆಯಲ್ಲಿಟ್ಟ ಹಣಕ್ಕೆ ಆ ರಕ್ಷಣೆ ಇಲ್ಲ.

ತೊಡಕು ಇರುವುದೇ ಇಲ್ಲಿ. 1908ರ ಕಾನೂನು ಕಂಡಿದ್ದು ಮನೆ, ಕೊಟ್ಟಿಗೆ, ಕಣಜ. ಕೂಲಿಕಾರನ ಕೂಲಿ ಅಂದು ಕೈಯಿಂದ ಕೈಗೆ ಬರುತ್ತಿತ್ತು. ಇಂದು ಕೂಲಿ, ಪಿಂಚಣಿ, ಹಾಲಿನ ಬಿಲ್ಲು, ಪರಿಹಾರ ಎಲ್ಲವನ್ನೂ ಖಾತೆಗೇ ಹಾಕಿಸಿಕೊಳ್ಳಿ ಎಂದು ಸರ್ಕಾರವೇ ಹೇಳಿತು, ಜನ ಒಪ್ಪಿದರು. ಜನಧನ ಖಾತೆ ತೆರೆದರು, ಆಧಾರ್ ಜೋಡಿಸಿದರು. ಹಳೆಯ ರಕ್ಷಣೆ ಮಾತ್ರ ಅವರ ಹಿಂದೆ ಬ್ಯಾಂಕಿನೊಳಗೆ ಪೂರ್ತಿಯಾಗಿ ಬರಲಿಲ್ಲ.

ಬೇರೆ ದೇಶಗಳು ಇದನ್ನು ಯೋಚಿಸಿವೆ. ಜರ್ಮನಿಯಲ್ಲಿ 2010ರಿಂದ ಯಾರು ಬೇಕಾದರೂ ತಮ್ಮ ಖಾತೆಯನ್ನು ರಕ್ಷಿತ ಖಾತೆಯಾಗಿ ಬದಲಿಸಿಕೊಳ್ಳಬಹುದು. ತಿಂಗಳ ಬದುಕಿಗೆಂದು ನಿಗದಿಯಾದ ಮೊತ್ತವನ್ನು ಸಾಲ ಕೊಟ್ಟ ಯಾರೂ ಅದರಿಂದ ಎಳೆಯಲಾರರು. ಆ ಮೊತ್ತ ಕಾಲಕಾಲಕ್ಕೆ ಏರುತ್ತದೆ. ಅಮೆರಿಕದಲ್ಲಿ 2011ರ ನಿಯಮದಂತೆ, ಜಪ್ತಿ ಆದೇಶ ಬಂದರೆ ಬ್ಯಾಂಕೇ ಹಿಂದಿನ ಎರಡು ತಿಂಗಳ ಜಮೆಗಳನ್ನು ನೋಡಿ ಸೋಶಿಯಲ್ ಸೆಕ್ಯೂರಿಟಿಯಂಥ ಸರ್ಕಾರಿ ನೆರವಿನ ಹಣವನ್ನು ತಾನಾಗಿ ಬಿಡಬೇಕು. ಗ್ರಾಹಕ ಅರ್ಜಿ ಹಾಕುವ ಅಗತ್ಯವಿಲ್ಲ. ಅಲ್ಲಿನ ಆದಾಯ ತೆರಿಗೆ ಇಲಾಖೆ ಖಾತೆ ಹಿಡಿದರೂ ಬ್ಯಾಂಕ್ ಹಣವನ್ನು 21 ದಿನ ತನ್ನಲ್ಲೇ ಇಟ್ಟುಕೊಂಡು ಆಮೇಲೆ ಕಳಿಸುತ್ತದೆ. ತಪ್ಪಿದ್ದರೆ ಹೇಳಲು, ಕಂತು ಕೇಳಲು ಆ ದಿನಗಳು ಸಿಗುತ್ತವೆ. ನಮ್ಮಲ್ಲೂ ಉದ್ಯೋಗ ಖಾತ್ರಿ ಕೂಲಿ, ಪಿಂಚಣಿ ಜಮೆಯಾಗುವಾಗ ಅದು ಯಾವ ಹಣವೆಂಬ ಗುರುತು ಪಾಸ್‌ಬುಕ್ಕಿನ ಸಾಲಿನಲ್ಲೇ ಇರುತ್ತದೆ. ಓದಬಲ್ಲ ಕಂಪ್ಯೂಟರಿಗೆ ಬಿಡಬಲ್ಲ ಬುದ್ಧಿಯನ್ನೂ ಹೇಳಿಕೊಡಬಹುದು. ಖಾತೆಯಲ್ಲಿ ತಿಂಗಳಿಗಿಷ್ಟು ಎಂಬ ರಕ್ಷಿತ ಮೊತ್ತ, ತಡೆ ಬಿದ್ದ ಮೇಲೆ ಹಣ ಹೋಗುವ ಮೊದಲು ಮೂರು ವಾರದ ವ್ಯವಧಾನ: ಈ ಎರಡನ್ನು ಕೇಳುವುದು ಸಾಲ ಮನ್ನಾ ಕೇಳಿದಂತಲ್ಲ. ತೆಗೆದ ಸಾಲ ತೀರಿಸಬೇಕು, ಬಾಕಿ ತೆರಿಗೆ ಕಟ್ಟಬೇಕು. ಕಟ್ಟುವವನು ಅಷ್ಟು ದಿನ ಬದುಕಿಯೂ ಇರಬೇಕು.

ಕಾನೂನು ಬದಲಾಗುವವರೆಗೆ ಕೈಯಲ್ಲಿರುವುದನ್ನು ಬಳಸಬೇಕು. ಖಾತೆಗೆ ತಡೆ ಬಿದ್ದ ದಿನವೇ ಬ್ಯಾಂಕಿಗೆ ಹೋಗಿ ಯಾರ ಆದೇಶ, ಯಾವ ಸೆಕ್ಷನ್, ಎಷ್ಟು ಮೊತ್ತ ಎಂದು ಬರವಣಿಗೆಯಲ್ಲಿ ಕೇಳಬೇಕು, ಅರ್ಜಿಯ ಪ್ರತಿಗೆ ಸಹಿ ಹಾಕಿಸಿಕೊಳ್ಳಬೇಕು. ಬ್ಯಾಂಕೇ ಸಾಲಕ್ಕೆ ಹಿಡಿದಿದ್ದು ಅನ್ಯಾಯವೆನಿಸಿದರೆ ಮೊದಲು ಶಾಖೆಗೆ ದೂರು. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್, ಅದಕ್ಕೆ ಶುಲ್ಕವಿಲ್ಲ. ಕೋರ್ಟಿನ ಜಪ್ತಿಯಾದರೆ ಆ ಕೋರ್ಟಿಗೇ ಆಕ್ಷೇಪಣೆ ಸಲ್ಲಿಸಬೇಕು. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ.

ಆ ಆಕ್ಷೇಪಣೆಗೆ ಆಧಾರವಾಗಬಲ್ಲ ತೀರ್ಪೊಂದು ಇದೆ. ರಾಧೇಶ್ಯಾಮ್ ಗುಪ್ತ ಮತ್ತು ಪಂಜಾಬ್ ನ್ಯಾಷನಲ್ ಬ್ಯಾಂಕ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರ ನವೆಂಬರ್‌ನಲ್ಲಿ ಹೇಳಿದ್ದು ಇಷ್ಟು: ಪಿಂಚಣಿ, ಗ್ರಾಚ್ಯುಟಿ ಹಣ ನಿವೃತ್ತನ ಕೈಸೇರಿ ಬ್ಯಾಂಕಿನ ಠೇವಣಿಯಾಗಿ ಬದಲಾದರೂ ತನ್ನ ಗುಣ ಕಳೆದುಕೊಳ್ಳುವುದಿಲ್ಲ, ಅದಕ್ಕೆ 60ನೇ ಸೆಕ್ಷನ್ನಿನ ರಕ್ಷಣೆ ಮುಂದುವರಿಯುತ್ತದೆ. ಕೂಲಿಕಾರರ ಕೂಲಿ ಇರುವುದೂ ಅದೇ ಸೆಕ್ಷನ್ನಿನ ಅದೇ ಪಟ್ಟಿಯಲ್ಲಿ, ಪಿಂಚಣಿಯ ಮರುಸಾಲಿನಲ್ಲಿ. ಪಿಂಚಣಿಗೆ ಒಪ್ಪಿದ ಮಾತು ಕೂಲಿಗೆ ಯಾಕೆ ಒಪ್ಪಬಾರದು ಎಂದು ಹಾವೇರಿಯಲ್ಲೋ ಬ್ಯಾಡಗಿಯಲ್ಲೋ ಅಮಲ್ಜಾರಿ ನಡೆದಿರುವ ಯಾವ ಕೋರ್ಟಿನಲ್ಲಾದರೂ ಕೇಳಬಹುದು. ಅರ್ಜಿಯ ಜೊತೆ ಲಗತ್ತಿಸಬೇಕಾದದ್ದು ಜಾಬ್ ಕಾರ್ಡ್, ಮತ್ತು ಕೂಲಿ ಜಮೆಯಾದ ಸಾಲುಗಳು ಕಾಣುವ ಹಾಗೆ ಎಂಟ್ರಿ ಮಾಡಿಸಿದ ಪಾಸ್‌ಬುಕ್.